ತೋಪಿನ ಕಿವಿಯ ಮೇಲಿನ ಬೆರಳು

ನನ್ನ ತಮ್ಮನ ಮಗಳು ಅಂಗಡಿಗೆ ಬಂದಾಗ ನಾನು ಕಡಲ್ಗಳ್ಳನೊಬ್ಬನ ಸೊಂಟಪಟ್ಟಿಗೆ ಹೊಸ ತೂತು ಹಾಕುತ್ತಿದ್ದೆ. ಉತ್ಸವಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು. ಪ್ರತಿ ವರ್ಷ ಈ ಹೊತ್ತಿಗೆ ನಮ್ಮ ಊರಿನ ಅರ್ಧ ಜನ ಕಡಲ್ಗಳ್ಳರಾಗುತ್ತಾರೆ, ಉಳಿದರ್ಧ ಜನ ಅವರನ್ನು ಓಡಿಸುವ ಊರವರಾಗುತ್ತಾರೆ. ಎರಡು ಕಡೆಯವರಿಗೂ ಪಟ್ಟಿ ಬೇಕು, ಕತ್ತಿಗೆ ಒರೆ ಬೇಕು, ಮೊಣಕಾಲುದ್ದದ ಬೂಟು ಬೇಕು. ಚರ್ಮದ ಕೆಲಸ ಬಲ್ಲವನು ಊರಿಗೆ ನಾನೊಬ್ಬನೇ. ಹೋದ ವರ್ಷದ ಹೊಟ್ಟೆ ಈ ವರ್ಷ ಯಾರಿಗೂ ಇರುವುದಿಲ್ಲವಾದ್ದರಿಂದ ಹಳೆಯ ಪಟ್ಟಿಗಳಿಗೆ ತೂತು ಹಾಕುವುದೇ ನನಗೆ ದೊಡ್ಡ ಕೆಲಸ.

ಅವಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ಈಗ ಅವಳಿಗೆ ಇಪ್ಪತ್ತಾರು. ಅಪ್ಪ ತೀರಿಕೊಂಡ ಮೇಲೆ ಅವನ ದೋಣಿ ಎಂಜಿನ್ ರಿಪೇರಿ ಶೆಡ್ಡನ್ನು ತಾನೇ ನಡೆಸುತ್ತಾಳೆ. ಉಗುರಿನ ಸಂದಿಯಲ್ಲಿ ಗ್ರೀಸು ಹೋಗುವುದೇ ಇಲ್ಲ. ಸಣ್ಣ ಎಂಜಿನ್ನುಗಳನ್ನು ಒಬ್ಬಳೇ ಎತ್ತಿ ಬೆಂಚಿನ ಮೇಲಿಡುತ್ತಾಳೆ. ಅಂಥವಳನ್ನು ಗುಬ್ಬಿ ಎಂದು ಕೂಗಿದರೆ ಹೊಸಬರು ತಿರುಗಿ ನೋಡುತ್ತಾರೆ.

ಅವಳು ನನ್ನ ಎದುರಿನ ಮಣೆಯ ಮೇಲೆ ಕೂತು ಪೀಠಿಕೆಯಿಲ್ಲದೆ ಹೇಳಿದಳು.

“ಈ ವರ್ಷ ಮತ್ತೆ ತೋಪು ಹಾರಿಸ್ತಾರಂತೆ, ದೊಡ್ಡಪ್ಪ. ಮೇಷ್ಟ್ರು ಒಪ್ಪಿದ್ದಾರೆ. ಕೋಲು ನಾನು ಹಿಡೀತೀನಿ. ಬೆರಳು ನೀವಿಡಬೇಕು.”

ನನ್ನ ಕೈಯ ಉಳಿ ಪಟ್ಟಿಯಲ್ಲೇ ನಿಂತಿತು. ನನಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದೆ. ಈಗ ತಾನೇ ನಡುಗದೆ ತೂತು ಹಾಕುತ್ತಿದ್ದಿರಲ್ಲ ಎಂದಳು. ಬೇರೆ ಯಾರನ್ನಾದರೂ ಕೇಳು ಎಂದೆ. ಬೇರೆಯವರ ಬೆರಳನ್ನು ನಾನು ನಂಬುವುದಿಲ್ಲ ಎಂದಳು. ಆಮೇಲೆ ತಲೆ ತಗ್ಗಿಸಿ, ನೆಲಕ್ಕೆ ಬಿದ್ದ ಚರ್ಮದ ಚೂರೊಂದನ್ನು ಕಾಲಿನಿಂದ ಸರಿಸುತ್ತ ಹೇಳಿದಳು.

“ಅಪ್ಪ ಮಾಡಿದ ತಪ್ಪು ನಾನು ಮಾಡಲ್ಲ. ಉಣ್ಣೇನ ಒಂದ್ಸಲ ಅಲ್ಲ, ಎರಡು ಸಲ ಅದ್ದುತೀನಿ. ಅವಸರ ಅವರ ಹುಟ್ಟುಗುಣ. ನಂದಲ್ಲ ಅಂತ ಊರಿಗೆ ಒಂದ್ಸಲ ತೋರಿಸ್ಬೇಕು.”

ನಾನು ಆಗಲಿ ಎಂದೆ. ಯಾಕೆ ಹಾಗೆಂದೆನೋ ಈಗಲೂ ತಿಳಿಯದು. ಅವಳು ಹೋದ ಮೇಲೆ ನೋಡಿದರೆ ಪಟ್ಟಿಯಲ್ಲಿ ಎರಡು ತೂತು ಬೇಕಾದಲ್ಲಿ ಐದು ಹಾಕಿದ್ದೆ.

ಅದು ಎಂಥ ಕೆಲಸ ಎಂಬುದನ್ನು ಹೇಳಬೇಕು. ಮುನ್ನೂರು ವರ್ಷಗಳ ಹಿಂದೆ ಒಂದು ಸಂಜೆ ಕಡಲ್ಗಳ್ಳರ ಮೂರು ಹಡಗುಗಳು ನಮ್ಮ ಬಂದರಿಗೆ ನುಗ್ಗಿದವಂತೆ. ಊರಿನಲ್ಲಿದ್ದದ್ದು ಒಂದೇ ತೋಪು. ಅದನ್ನು ಮೂರು ಸಲ ಹಾರಿಸಿ, ಮೂರನೆಯ ಸಲಕ್ಕೆ ದೊಡ್ಡ ಹಡಗಿನ ಕಂಬ ಮುರಿದು, ಕಳ್ಳರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರಂತೆ. ನಿಜವೋ ಸುಳ್ಳೋ, ಆ ಮೂರು ಹೊಡೆತ ನೋಡಲು ಹೊರಗಿನಿಂದ ಸಾವಿರಾರು ಜನ ಬರುತ್ತಾರೆ. ಹಳೆಯ ತೋಪು ಬಿರುಕು ಬಿಟ್ಟು ಕೋಟೆಯ ಬಾಗಿಲಲ್ಲಿ ಮಲಗಿದೆ. ನಾವು ಹಾರಿಸುವುದು ಅದರ ಅಳತೆಗೇ ಎರಕ ಹೊಯ್ಯಿಸಿದ ಹೊಸ ತೋಪು. ಅದರಲ್ಲಿ ಗುಂಡು ಇರುವುದಿಲ್ಲ, ಮದ್ದು ಮಾತ್ರ. ಗುಂಡಿಲ್ಲದ ತೋಪಿನಿಂದ ಯಾರೂ ಸಾಯುವುದಿಲ್ಲವೆಂದು ನೋಡಲು ಬಂದವರು ತಿಳಿದಿರುತ್ತಾರೆ.

ಒಮ್ಮೆ ಹಾರಿದ ತೋಪಿನ ಹೊಟ್ಟೆಯಲ್ಲಿ ಕಿಡಿ ಉಳಿದಿರುತ್ತದೆ. ಆದ್ದರಿಂದ ಕೋಲಿನ ತುದಿಗೆ ಕಟ್ಟಿದ ಕುರಿಯುಣ್ಣೆಯನ್ನು ನೀರಿನಲ್ಲಿ ಅದ್ದಿ ಒಳಗೆಲ್ಲ ಒರೆಸಬೇಕು. ಆಮೇಲೆ ಮದ್ದಿನ ಪೊಟ್ಟಣವನ್ನು ಬಾಯಿಗಿಟ್ಟು ಇನ್ನೊಂದು ಕೋಲಿನಿಂದ ಕೊನೆಯವರೆಗೆ ತಳ್ಳಬೇಕು. ಅದು ನನ್ನ ತಮ್ಮನ ಕೆಲಸ. ತೋಪಿನ ಹಿಂಭಾಗದಲ್ಲಿ ಬೆಂಕಿ ತಗಲಿಸುವುದಕ್ಕೆ ಒಂದು ಸಣ್ಣ ತೂತು ಇದೆ. ಅದನ್ನು ನಾವು ಕಿವಿ ಎನ್ನುತ್ತೇವೆ. ಮುಂದೆ ಒರೆಸಿ ತಳ್ಳುವಷ್ಟು ಹೊತ್ತೂ ಹಿಂದೆ ಒಬ್ಬನು ಆ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕು. ಬೆರಳು ಎದ್ದರೆ ಒಳಗೆ ಗಾಳಿಯಾಡುತ್ತದೆ. ಗಾಳಿಯಾಡಿದರೆ, ಎಷ್ಟು ಚೆನ್ನಾಗಿ ಒರೆಸಿದ್ದರೂ, ಎಲ್ಲೋ ಮೂಲೆಯಲ್ಲಿ ಅಡಗಿದ್ದ ಕಿಡಿ ಕಣ್ಣು ಬಿಡುತ್ತದೆ, ಮದ್ದು ತಳ್ಳುತ್ತಿರುವವನ ಮೇಲೆಯೇ ಹಾರುತ್ತದೆ. ಬೆರಳು ಸುಡದಿರಲೆಂದು ಅದಕ್ಕೊಂದು ದಪ್ಪ ತೊಗಲಿನ ಟೊಪ್ಪಿ. ಆ ಟೊಪ್ಪಿ ಹೊಲಿದವನು ನಾನು. ಹತ್ತೊಂಬತ್ತು ವರ್ಷ ಆ ಕಿವಿಯ ಮೇಲೆ ಬೆರಳಿಟ್ಟವನೂ ನಾನೇ.

ಕೋಲನ್ನು ಒಳಗೆ ಬಿಡುವ ಮೊದಲು ತಮ್ಮ ಕೂಗಿ ಕೇಳುತ್ತಿದ್ದ: “ಅಣ್ಣಾ, ಬೆರಳು?” ನಾನು “ಇದೆ” ಎನ್ನಬೇಕು. ಇದೆ ಎಂದು ಕೇಳಿಸಿದ ಮೇಲೆಯೇ ಅವನ ಕೋಲು ಅಲುಗುತ್ತಿತ್ತು. ಹಿಂದಿನ ಕಾಲದಲ್ಲಿ ಬೆರಳು ಎತ್ತಿದವನ ತಲೆಗೆ ಅದೇ ಕೋಲಿನಿಂದ ಬಾರಿಸುವ ಹಕ್ಕು ತಳ್ಳುವವನಿಗೆ ಇತ್ತೆಂದು ಮೇಷ್ಟ್ರು ಯಾವುದೋ ಪುಸ್ತಕದಲ್ಲಿ ಓದಿ ಹೇಳಿದ್ದರು. ತಮ್ಮನಿಗೆ ಅದೊಂದು ಹಬ್ಬವಾಗಿಹೋಗಿತ್ತು. ಚಿಕ್ಕಂದಿನಲ್ಲಿ ನೀನು ಹೊಡೆದದ್ದನ್ನೆಲ್ಲ ಲೆಕ್ಕ ಇಟ್ಟಿದ್ದೇನೆ, ಒಂದು ಸಲ ಬೆರಳೆತ್ತಿ ನೋಡು ಎಂದು ಪ್ರತಿ ವರ್ಷವೂ ಎಲ್ಲರ ಮುಂದೆ ನನ್ನನ್ನು ಛೇಡಿಸುತ್ತಿದ್ದ.

ನನ್ನ ಇನ್ನೊಂದು ಅಭ್ಯಾಸವನ್ನೂ ಅವನು ಛೇಡಿಸುತ್ತಿದ್ದ. ಬಂದರಿನ ಮೇಲಿನ ದಿಬ್ಬದ ದೇವಾಲಯದಲ್ಲಿ ಸಂಜೆ ಪ್ರಾರ್ಥನೆಗೆ ಗಂಟೆ ಹೊಡೆಯುತ್ತಾರೆ. ಗಂಟೆ ಕೇಳಿದರೆ ಎಲ್ಲಿದ್ದರೂ, ಕೈಯಲ್ಲಿ ಏನಿದ್ದರೂ, ಅದನ್ನು ಬಿಟ್ಟು ಕಣ್ಣು ಮುಚ್ಚಿ ಕೈ ಮುಗಿಯಬೇಕೆಂದು ನಾನು ಐದು ವರ್ಷದವನಿದ್ದಾಗ ನಮ್ಮ ಅಜ್ಜಿ ಕಲಿಸಿದಳು. ತಮ್ಮನಿಗೂ ಕಲಿಸಿದಳು, ಅವನಿಗೆ ಹತ್ತಲಿಲ್ಲ. ನನಗೆ ಹತ್ತಿದ್ದು ಬಿಡಲಿಲ್ಲ. ಗಂಟೆ ಹೊಡೆದರೆ ನಮ್ಮಣ್ಣನ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಡುತ್ತದೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

ಮೂರು ಹೊಡೆತಗಳೂ ಯಾವಾಗಲೂ ಪ್ರಾರ್ಥನೆಯ ಗಂಟೆಗೆ ಮುಂಚೆಯೇ ಮುಗಿಯುತ್ತಿದ್ದವು. ಹತ್ತೊಂಬತ್ತು ವರ್ಷ ಹಾಗೆಯೇ ನಡೆಯಿತು. ಮೂರು ವರ್ಷಗಳ ಹಿಂದೆ ಆಟ ತಡವಾಯಿತು. ತಡವಾದದ್ದು ಕಡಲ್ಗಳ್ಳರ ನಾಯಕನ ಕಾಲಿನಿಂದ. ನಾಯಕನಾಗುವವರು ಉತ್ಸವದ ಉಸ್ತುವಾರಿಯನ್ನೂ ಹೊತ್ತ ನಮ್ಮ ಶಾಲೆಯ ಮೇಷ್ಟ್ರು. ಅವರ ಎಡಗಾಲನ್ನು ಹಿಂದಕ್ಕೆ ಮಡಚಿ ಕಟ್ಟಿ, ಮೊಣಕಾಲಿಗೆ ಮರದ ಗೂಟ ಸಿಗಿಸಬೇಕು. ಆ ಚರ್ಮದ ಪಟ್ಟಿ ನನ್ನದೇ ಕೆಲಸ. ಅದರ ಹಿಂದಿನ ವರ್ಷ ಸಡಿಲವಾಗಿತ್ತೆಂದು ಆ ಸಲ ನಾನು ಬಿಗಿಯಾಗಿ ಕಟ್ಟಿದೆ. ಹಡಗಿನಿಂದ ಇಳಿಯುವ ಹೊತ್ತಿಗೆ ಅವರ ಕಾಲಿಗೆ ಜೋಮು ಹಿಡಿದು, ಕಡಲ್ಗಳ್ಳರೆಲ್ಲ ಸೇರಿ ನಾಯಕನನ್ನು ಮಲಗಿಸಿ ಕಾಲು ತಿಕ್ಕಿದರು. ಜನ ಹೊಟ್ಟೆ ಹಿಡಿದು ನಕ್ಕರು. ತಮ್ಮನೂ ನಕ್ಕ, ನಾನೂ ನಕ್ಕೆ. ಅರ್ಧ ಗಂಟೆ ಹಾಗೆ ಹೋಯಿತು.

ಮೊದಲನೆಯ ಹೊಡೆತ ಆಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ತಮ್ಮ ಉಣ್ಣೆಯನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದ. ನೀರು ಸುರಿಯುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ, ಅವನ ಬೂಟಿನ ಮೇಲೆ ಬಿದ್ದು ಹರಿಯಿತು. ಒರೆಸಿದ. ಮದ್ದಿಟ್ಟ. “ಅಣ್ಣಾ, ಬೆರಳು?” ಎಂದ. “ಇದೆ” ಎಂದೆ. ಕೋಲು ಒಳಗೆ ಹೋಯಿತು. ಆಗ ಗಂಟೆ ಹೊಡೆಯಿತು.

ನನ್ನ ಕೈ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಅದನ್ನು ಹೇಗೆ ಹೇಳಿದರೂ ಸಬೂಬಿನಂತೆ ಕೇಳುತ್ತದೆ. ಎರಡೂ ಕೈ ಎದೆಯ ಹತ್ತಿರ ಕೂಡಿದ್ದವು, ಕಣ್ಣು ಮುಚ್ಚಿತ್ತು. ಒಂದು ಉಸಿರಿನಷ್ಟು ಹೊತ್ತು. ಸದ್ದಿಗೆ ಕಣ್ಣು ಬಿಟ್ಟೆ.

ಮದ್ದು ತಂದುಕೊಡುವವನು ತೋಪಿಗೆ ಬೆನ್ನು ಮಾಡಿ ಪೆಟ್ಟಿಗೆಯನ್ನು ಮರೆಮಾಡಿ ನಿಲ್ಲಬೇಕೆಂಬುದು ನಿಯಮ. ಅವನು ಹಾಗೆಯೇ ನಿಂತಿದ್ದ. ಜನ ಹಡಗಿನ ಕಡೆ ನೋಡುತ್ತಿದ್ದರು. ನನ್ನನ್ನು ಕಂಡವನು ತೋಪಿನ ಬಾಯಿಯ ಹತ್ತಿರ ನನ್ನತ್ತ ಮುಖಮಾಡಿ ನಿಂತಿದ್ದ ನನ್ನ ತಮ್ಮನೊಬ್ಬನೇ.

ಆಸ್ಪತ್ರೆಯಲ್ಲಿ ಅವನು ಮೂರು ದಿನ ಬದುಕಿದ್ದ. ಎರಡನೆಯ ದಿನ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದು ಹಾಸಿಗೆಯ ಪಕ್ಕ ಕೂತರು. ನಾನು ಕಾಲ ಬಳಿ ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ತಮ್ಮ ನನ್ನನ್ನೇ ನೋಡುತ್ತ, ನಾನು ಮಾತಾಡುವ ಮೊದಲೇ ಅವರಿಗೆ ಹೇಳಿದ.

“ಉಣ್ಣೆ ಸರಿಯಾಗಿ ನೆನೆದಿರಲಿಲ್ಲ ಸಾರ್. ಅವಸರ ಮಾಡ್ದೆ. ನಂದೇ ತಪ್ಪು. ಬರ್ಕೊಳ್ಳಿ.”

ಅವರು ಬರೆದುಕೊಂಡರು. ನಾನು ತೆರೆದ ಬಾಯಿ ಮುಚ್ಚಿದೆ. ಮರುದಿನ ಮಧ್ಯಾಹ್ನ ಅವನಿಗೆ ಜ್ವರ ನೆತ್ತಿಗೇರಿತು. ಹೆಂಡತಿ ಮಗಳು ಔಷಧಿಗೆಂದು ಕೆಳಗೆ ಹೋಗಿದ್ದರು. ಅವನು ಎಲ್ಲಿಯೋ ನೋಡುತ್ತ, ಬಂದರಿನಲ್ಲಿ ಕೂಗುವ ಹಾಗೆಯೇ, ಆದರೆ ದನಿಯಿಲ್ಲದೆ, “ಅಣ್ಣಾ, ಬೆರಳು?” ಎಂದ. ನಾನು “ಇದೆ” ಎಂದೆ. ಅವನು ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ.

ಆಮೇಲೆ ನಾನು ಗಂಟೆಗೆ ಕೈ ಮುಗಿದಿಲ್ಲ. ಗಂಟೆ ಹೊಡೆಯುವಾಗ ಕೆಲಸದ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಲ್ಲುತ್ತೇನೆ. ದೇವರ ಮೇಲೆ ನನಗೆ ಮುನಿಸಿಲ್ಲ. ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡುತ್ತೇನೆ, ಅದರಲ್ಲಿ ತಮ್ಮನ ಹೆಸರು ಬರುತ್ತದೆ. ಆದರೆ ಆ ಸಂಜೆ ನನ್ನ ಕೈ ಮುಗಿದದ್ದು ದೇವರಿಗಲ್ಲ. ದೇವರ ನೆನಪೇ ನನಗೆ ಆಗ ಇರಲಿಲ್ಲ. ಅರವತ್ತು ವರ್ಷದ ಅಭ್ಯಾಸ ತಾನೇ ಎದ್ದು ಮುಗಿದದ್ದು. ಮನಸ್ಸಿಟ್ಟು ಪ್ರಾರ್ಥಿಸುವವನಾಗಿದ್ದರೆ, ಈ ಹೊತ್ತಿನ ನನ್ನ ಪೂಜೆ ಈ ತೂತನ್ನು ಮುಚ್ಚಿ ಹಿಡಿಯುವುದೇ ಎಂದು ತಿಳಿಯುತ್ತಿತ್ತು.

ನನ್ನ ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಎರಡು ಹೊತ್ತಿನ ಊಟವೂ ತಮ್ಮನ ಮನೆಯಲ್ಲೇ. ಅವನು ಹೋದ ಮೇಲೂ ಅದು ನಿಲ್ಲಲಿಲ್ಲ. ತಮ್ಮನ ಹೆಂಡತಿ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಅವರ ಅವಸರ ಅವರನ್ನೇ ತಿಂದಿತು ಎಂದು ಅವಳು ಆಗೀಗ ಅನ್ನುತ್ತಿದ್ದಳು. ಎಂಜಿನ್ ಬೋಲ್ಟು ಬಿಗಿಯುವಾಗಲೂ ಹಾಗೇ ಮಾಡುತ್ತಿದ್ದರು ಎಂದು ಗುಬ್ಬಿ ಸೇರಿಸುತ್ತಿದ್ದಳು. ನಾನು ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ತಮ್ಮ ತಾನೇ ಕೊಟ್ಟುಹೋದದ್ದನ್ನು ನಾನು ಹಿಂದಿರುಗಿಸಿದರೆ ಅವನಿಗೆ ನೋವಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೇಳಿದರೆ ಈ ತಟ್ಟೆ ಇರುವುದಿಲ್ಲ ಎಂಬ ಭಯ ಅದರ ಅಡಿಯಲ್ಲಿತ್ತು.

ಗುಬ್ಬಿ ಬಂದುಹೋದ ನಾಲ್ಕನೆಯ ದಿನ ತಾಲೀಮು. ಐಸ್ ಕಾರ್ಖಾನೆಯ ಹಿಂದಿನ ಬಯಲಿಗೆ ತೋಪನ್ನು ಎಳೆದು ತಂದಿದ್ದರು. ಮದ್ದಿಲ್ಲ, ಬರೀ ಕೈಚಳಕ. ಮೇಷ್ಟ್ರು ಗೋಡೆಯ ನೆರಳಿನಲ್ಲಿ ಕೂತು, ಎರಡೂ ಕಾಲು ನೆಟ್ಟಗೆ ಚಾಚಿಕೊಂಡು, ತಮ್ಮ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ಹಳೆಯ ಟೊಪ್ಪಿಯನ್ನು ಬೆರಳಿಗೆ ಹಾಕಿ ಕಿವಿಯ ಮೇಲೆ ಒತ್ತಿದೆ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಗುಬ್ಬಿ ಉಣ್ಣೆಯನ್ನು ಎರಡು ಸಲ ಅದ್ದಿದಳು. ಎರಡನೆಯ ಸಲ ಅದ್ದುವಾಗ ನನ್ನ ಕಡೆ ನೋಡಿ, ಕಂಡಿರಾ ಎಂಬಂತೆ ತಲೆಯಾಡಿಸಿದಳು. ಒರೆಸಿದಳು. ಕೋಲು ಬದಲಾಯಿಸಿದಳು. ತೋಪಿನ ಬಾಯಿಯ ಹತ್ತಿರ ಅವಳಪ್ಪ ನಿಲ್ಲುತ್ತಿದ್ದಂತೆಯೇ ಒಂದು ಹೆಗಲು ತಗ್ಗಿಸಿ ನಿಂತು ಕೂಗಿದಳು.

“ದೊಡ್ಡಪ್ಪಾ, ಬೆರಳು?”

ಬೆರಳು ಅಲ್ಲೇ ಇತ್ತು. ಇದೆ ಎನ್ನಲು ಬಾಯಿ ಬರಲಿಲ್ಲ. ಅವಳು ಇನ್ನೊಮ್ಮೆ ಕೂಗಿದಳು. ಆಮೇಲೆ ಕೋಲನ್ನು ನೆಲಕ್ಕೂರಿ ನನ್ನ ಹತ್ತಿರ ಬಂದಳು. ಮೈ ಸರಿಯಿಲ್ಲವೇ ಎಂದು ಕೇಳಿದಳು.

“ಉಣ್ಣೆ ಒಣಗಿರಲಿಲ್ಲಮ್ಮ,” ಎಂದೆ. “ನಿಮ್ಮಪ್ಪ ತಪ್ಪು ಮಾಡಿಲ್ಲ. ಪ್ರಾರ್ಥನೆ ಗಂಟೆ ಹೊಡೀತು. ನಾನು ಕೈ ಮುಗಿದೆ.”

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ಟೊಪ್ಪಿ ಹಾಕಿದ್ದ ನನ್ನ ಬೆರಳು ನೋಡಿದಳು. ಅದು ಇನ್ನೂ ಕಿವಿಯ ಮೇಲೆಯೇ ಇತ್ತು. ನಾನು ಉಳಿದದ್ದನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ಅವನು ನನ್ನನ್ನು ನೋಡುತ್ತ ಹೇಳಿದ್ದು, ನಾನು ಬಾಯಿ ಮುಚ್ಚಿದ್ದು, ಕೊನೆಯಲ್ಲಿ ಅವನು ಕೇಳಿದ್ದು, ನಾನು ಉತ್ತರ ಕೊಟ್ಟದ್ದು.

“ಉಣ್ಣೆಯಿಂದ ನೀರು ಬೀಳ್ತಿತ್ತಾ?” ಎಂದು ಕೇಳಿದಳು.

“ಅವನ ಬೂಟಿನ ಮೇಲೇ ಸುರೀತಿತ್ತು.”

ಅವಳು ತೋಪಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಳು. ಗ್ರೀಸಿನ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನನ್ನು ಬಯ್ಯುತ್ತಾಳೆಂದು ಕಾದು ನಿಂತೆ. ಬಯ್ದಿದ್ದರೆ ಚೆನ್ನಾಗಿತ್ತು.

“ಮೂರು ವರ್ಷ ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ದೊಡ್ಡಪ್ಪ,” ಎಂದಳು. “ದಿನಾ ಶೆಡ್ಡಿನ ಬೀಗ ತೆಗೆಯೋವಾಗ ಒಂದ್ಸಲ ಬೈತಿದ್ದೆ.”

ಮೇಷ್ಟ್ರು ಎದ್ದು ಬರುತ್ತಿದ್ದರು. ಅವಳು ಎದ್ದು, ನನ್ನ ಬೆರಳಿನಿಂದ ಟೊಪ್ಪಿಯನ್ನು ತಾನೇ ಎಳೆದು ತೆಗೆದು ಜೇಬಿಗೆ ಹಾಕಿಕೊಂಡಳು. ಅಮ್ಮನಿಗೆ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು. ಮನೆಯವರೆಗೂ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದಳು, ಒಮ್ಮೆಯೂ ತಿರುಗಲಿಲ್ಲ.

ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನು ಒರೆಸಿ ಕಪಾಟಿಗೆ ಜೋಡಿಸುತ್ತಿದ್ದಳು. ನಾನು ಹೊಸ್ತಿಲಿನಲ್ಲೇ ನಿಂತು ಹೇಳಿದೆ. ಕೂತು ಹೇಳುವ ಮಾತಲ್ಲ. ಅವಳು ಕೇಳುತ್ತ ಕೇಳುತ್ತ ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಅದು ನನ್ನ ತಟ್ಟೆ, ಅಂಚಿನಲ್ಲಿ ಒಂದು ಕಡೆ ತಗ್ಗಾದದ್ದು.

“ಅವರಿಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತಮ್ಮ. ನೋಡ್ತಿದ್ದ.”

ಹೊರಗೆ ಗುಬ್ಬಿ ನಲ್ಲಿ ಬಿಟ್ಟು ಮುಖ ತೊಳೆಯುವ ಸದ್ದು ಕೇಳುತ್ತಿತ್ತು.

“ನಿಮ್ಮನ್ನ ಉಳಿಸೋದಕ್ಕೆ ಹಾಗಂದ್ರು. ಸರಿ, ಅದು ಅವರಿಷ್ಟ,” ಎಂದಳು ಕೊನೆಗೆ. “ಆದ್ರೆ ನಾನು ಈ ತಟ್ಟೇಲಿ ಬಡಿಸ್ತಾ ಬಡಿಸ್ತಾ ಅವರನ್ನೇ ಅಂತಿದ್ದೆನಲ್ಲ ಭಾವ, ನೀವು ಕೇಳ್ಕೊಂಡು ಉಂಡ್ರಲ್ಲ. ಇನ್ಮೇಲೆ ಊಟಕ್ಕೆ ಬರಬೇಡಿ.”

ತಟ್ಟೆಯನ್ನು ಕಪಾಟಿಗಿಡದೆ ನನ್ನ ಕೈಗೇ ಕೊಟ್ಟಳು. ನಾನು ತೆಗೆದುಕೊಂಡು ಬಂದೆ.

ಮರುದಿನ ಮೇಷ್ಟ್ರ ಮನೆಗೆ ಹೋದೆ, ಅವರೊಡನೆ ಅಧಿಕಾರಿಯ ಕಚೇರಿಗೆ ಹೋದೆ. ಹಳೆಯ ಕಾಗದವನ್ನು ತೆಗೆಸಿ ನಡೆದದ್ದನ್ನು ಹೇಳಿ ಸಹಿ ಹಾಕಿದೆ. ಅಧಿಕಾರಿ ಹೊಸಬರು. ಮುಂದೇನಾಗುತ್ತದೋ ಮೇಲಿನವರು ತಿಳಿಸುತ್ತಾರೆ ಎಂದರು. ಆಗಲಿ ಎಂದೆ. ತಪ್ಪು ಅವನದೆಂದು ಊರೆಲ್ಲ ಕೇಳಿದೆ, ಅವನದಲ್ಲವೆಂದೂ ಊರೆಲ್ಲ ಕೇಳಬೇಕು, ಉತ್ಸವದಲ್ಲಿ ತೋಪು ಹಾರಿಸುವ ಮೊದಲು ಓದಿ ಎಂದು ಮೇಷ್ಟ್ರನ್ನು ಬೇಡಿಕೊಂಡೆ. ಅವರು ರಸ್ತೆಯ ನಡುವೆಯೇ ನಿಂತು, ನನ್ನ ಕಾಲಿಗೆ ಜೋಮು ಹಿಡಿಯದಿದ್ದರೆ ಏನೂ ಆಗುತ್ತಿರಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ಆ ಪಟ್ಟಿಯನ್ನು ಬಿಗಿದವನೂ ನಾನೇ ಎಂದು ಅವರಿಗೆ ನೆನಪಿಸಬೇಕಾಯಿತು.

ಉಳಿದ ದಿನಗಳಲ್ಲಿ ಕಡಲ್ಗಳ್ಳರ ಪಟ್ಟಿಗಳನ್ನು ಮುಗಿಸಿದೆ. ಆಮೇಲೆ ಒಂದು ಹೊಸ ಟೊಪ್ಪಿ ಹೊಲಿದೆ. ಈ ಸಲ ಅದಕ್ಕೆ ಒಂದು ಅಗಲವಾದ ಪಟ್ಟಿ ಸೇರಿಸಿದೆ. ಮಣಿಕಟ್ಟನ್ನು ಸುತ್ತಿ, ತೋಪಿನ ಗಾಡಿಯ ಬಳೆಗೆ ಸಿಗಿಸಿ ಬಿಗಿಯುವ ಪಟ್ಟಿ. ಬೆರಳಿಟ್ಟವನಿಗೆ ಏನು ಕೇಳಿದರೂ, ಏನು ನೆನಪಾದರೂ, ಕೈ ಮೇಲಕ್ಕೆ ಏಳುವುದಿಲ್ಲ. ಇಪ್ಪತ್ತೆರಡು ವರ್ಷ ಮೊದಲೇ ಇದನ್ನು ಹೊಲಿಯಬಹುದಾಗಿತ್ತು. ಕೆಲಸ ಒಂದು ಮಧ್ಯಾಹ್ನದ್ದು. ಕಾಗದದಲ್ಲಿ ಸುತ್ತಿ ಶೆಡ್ಡಿನ ಬಾಗಿಲ ಚಿಲಕಕ್ಕೆ ಸಿಗಿಸಿ ಬಂದೆ.

ಉತ್ಸವದ ದಿನ ನಾನು ಬಂದರಿನ ಮೇಲಿನ ಮೋಟು ಗೋಡೆಯ ಹತ್ತಿರ, ಜನರ ಹಿಂದೆ ನಿಂತಿದ್ದೆ. ಮೇಷ್ಟ್ರು ಕಡಲ್ಗಳ್ಳನ ವೇಷದಲ್ಲೇ ತೋಪಿನ ಪಕ್ಕಕ್ಕೆ ಬಂದರು. ಕಣ್ಣಿನ ಕಪ್ಪು ಪಟ್ಟಿಯನ್ನು ಹಣೆಯ ಮೇಲಕ್ಕೆ ಸರಿಸಿ ಕಾಗದ ಓದಿದರು. ಈ ತೋಪಿನ ಮುಂದೆ ಜೀವ ಕಳೆದುಕೊಂಡವನ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ, ಲೋಪವಾದದ್ದು ಅವನ ಅಣ್ಣನ ಬೆರಳಿನಿಂದ, ಅಣ್ಣನೇ ಇದನ್ನು ಹೇಳಿದ್ದಾನೆ ಎಂದು ಓದಿದರು. ಊರವರಲ್ಲಿ ಕೆಲವರು ತಿರುಗಿ ಗೋಡೆಯ ಕಡೆ ನೋಡಿದರು. ಹೊರಗಿನಿಂದ ಬಂದವರು ಇದೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಗುಬ್ಬಿ ಉಣ್ಣೆಯ ಕೋಲನ್ನು ಬಕೆಟ್ಟಿನಲ್ಲಿ ಅದ್ದಿದಳು. ಒಂದೇ ಸಲ, ಅಪ್ಪ ಅದ್ದುತ್ತಿದ್ದ ಹಾಗೆ. ಮೇಲಕ್ಕೆತ್ತಿ, ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಹಿಡಿದು ನಿಂತಳು. ನೀರು ಅವಳ ತೋಳಿನ ಮೇಲೆ, ಹೆಗಲ ಮೇಲೆ, ಬೂಟಿನ ಮೇಲೆ ಸುರಿಯಿತು. ಸುರಿದು ಮುಗಿಯುವವರೆಗೂ ಕೆಳಗಿಳಿಸಲಿಲ್ಲ. ಆಮೇಲೆ ಬಸಿದುಹೋದ ಉಣ್ಣೆಯನ್ನು ಮತ್ತೆ ಅದ್ದಿ ಕೆಲಸ ಸುರುಮಾಡಿದಳು.

ಕಿವಿಯ ಮೇಲೆ ನನ್ನ ಬದಲಿಗೆ ನಮ್ಮ ಊರಿನ ಅಂಚೆಯವನ ಬೆರಳು. ಅವನ ಮಣಿಕಟ್ಟಿನಲ್ಲಿ ಹೊಸ ತೊಗಲಿನ ಪಟ್ಟಿ ಬಿಗಿದಿತ್ತು. ಅಷ್ಟು ದೂರದಿಂದಲೂ ನನ್ನ ಹೊಲಿಗೆ ನನಗೆ ಗುರುತು ಸಿಕ್ಕಿತು. “ಬೆರಳು?” ಎಂದು ಅವಳು ಮೂರು ಸಲ ಕೂಗಿದಳು. ಮೂರು ಸಲವೂ ಅಂಚೆಯವನು “ಇದೆ” ಎಂದ. ಮೂರು ಹೊಡೆತಗಳೂ ಹೊತ್ತಿಗೆ ಸರಿಯಾಗಿ ಆದವು. ಕಡಲ್ಗಳ್ಳರು ಓಡಿದರು. ತಮ್ಮನ ಹೆಂಡತಿ ಹಗ್ಗದ ಆಚೆ ಮುಂದಿನ ಸಾಲಿನಲ್ಲಿದ್ದಳು. ಮಗಳ ಒದ್ದೆ ಹೆಗಲನ್ನು ಸೆರಗಿನಿಂದ ಒರೆಸಿದಳು. ಇಬ್ಬರೂ ಗೋಡೆಯ ಕಡೆ ನೋಡಲಿಲ್ಲ.

ಹೊಗೆ ಚದುರುವ ಹೊತ್ತಿಗೆ ದಿಬ್ಬದ ಮೇಲೆ ಗಂಟೆ ಹೊಡೆಯಿತು. ನನ್ನ ಅಕ್ಕಪಕ್ಕದ ಕೆಲವರು ಕಣ್ಣು ಮುಚ್ಚಿ ಕೈ ಮುಗಿದರು. ನನ್ನ ಹೆಬ್ಬೆರಳು ಗೋಡೆಯ ಕಲ್ಲಿನ ಒಂದು ಸಣ್ಣ ಗುಳಿಯನ್ನು ಒತ್ತಿ ಹಿಡಿದಿತ್ತು. ಗಂಟೆ ನಿಂತು, ಜನ ಮನೆಗಳ ಕಡೆ ಹೊರಟ ಮೇಲೂ ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಹಿಡಿದುಕೊಂಡಿದ್ದೆ.